ಎಲ್ಲಿಂದ? ಎಲ್ಲೀ ತನಕ?

ಹುಮನಾಬಾದಿನಲ್ಲಿ ಸೋಲಾಪುರದ ಕಡೆ ಹೋಗುವ ಬಸ್ಸು ಹತ್ತಿದರೆ ಕಂಡಕ್ಟರ್ ಮೊದಲು ಕೇಳುವುದು, ‘ಎಲ್ಲೀ ತನಕಾ ರೀ?’ ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾದಲ್ಲಿ ಇಳಿಯಬೇಕು. ಅಲ್ಲಿ ನಿದ್ದೆ ಹತ್ತಿತೋ, ಬಸ್ಸು ಗಡಿ ದಾಟಿಸಿ ಉಮರ್ಗಾಕ್ಕೆ ಒಯ್ಯುತ್ತದೆ. ಕಂಪ್ಯೂಟರಿಗೆ ಕೊಡುವ ಒಂದು ಆಜ್ಞೆಯೂ ಹೀಗೆಯೇ ಎಂಬುದು ನನಗೆ ತಿಳಿದದ್ದು ಒಂದು ತಪ್ಪಿನಿಂದ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ‘ಎಡ್’ ಎಂಬ ಬರಹ ತಿದ್ದುವ ಸಾಧನವನ್ನು ರಚಿಸಿದರು. ಅದರಲ್ಲಿ ಮೌಸ್ ಇಲ್ಲ, ಎಲ್ಲವನ್ನೂ ಟೈಪು ಮಾಡಿಯೇ ಹೇಳಬೇಕು. ‘10,20’ ಎಂದರೆ ಹತ್ತನೆಯ ಸಾಲಿನಿಂದ ಇಪ್ಪತ್ತನೆಯ ಸಾಲಿನವರೆಗೆ. ಆದರೆ ನಡುವೆ ಒಂದು ಸಾಲು ಸೇರಿಸಿದರೆ ಸಂಖ್ಯೆಗಳೆಲ್ಲ ಪಲ್ಲಟ! ಅದಕ್ಕೆ ಸಂಖ್ಯೆಯ ಬದಲು ಸಾಲಿನಲ್ಲಿರುವ ಪದವನ್ನೇ ಎರಡು ಓರೆಗೆರೆಗಳ ನಡುವೆ ಬರೆಯುವ ಸೌಲಭ್ಯವಿಟ್ಟರು:

/ಹುಮನಾಬಾದ್ ಆರಂಭ/,/ಹುಮನಾಬಾದ್ ಮುಕ್ತಾಯ/

ಅಲ್ಪವಿರಾಮದ ಹಿಂದಿರುವುದು ‘ಎಲ್ಲಿಂದ’, ಮುಂದಿರುವುದು ‘ಎಲ್ಲೀ ತನಕ’. ಕೊನೆಗೆ ‘ಪಿ’ ಅಕ್ಷರ ಹಚ್ಚಿದರೆ ಆ ಸಾಲುಗಳನ್ನು ತೋರಿಸುತ್ತದೆ, ‘ಡಿ’ ಹಚ್ಚಿದರೆ ಅಳಿಸುತ್ತದೆ. 1973-74ರಲ್ಲಿ ಲೀ ಮೆಕ್‌ಮಹಾನ್ ಬರೆದ ‘ಸೆಡ್’ ಇದೇ ಪದ್ಧತಿಯನ್ನು ಮುಂದುವರಿಸಿತು. ಇಂದಿಗೂ ಅದು ಬಳಕೆಯಲ್ಲಿದೆ.

ಒಂದು ವರ್ಷ ವಿಜ್ಞಾನ ವಸ್ತುಪ್ರದರ್ಶನದ ಮಕ್ಕಳ ಪಟ್ಟಿ ನನ್ನ ಹತ್ತಿರವಿತ್ತು. ಮೊದಲು ಬಸವಕಲ್ಯಾಣದವರು, ನಂತರ ಹುಮನಾಬಾದಿನವರು, ಕೊನೆಗೆ ತಡವಾಗಿ ಬಂದ ಐದು ಹೆಸರು. ಹುಮನಾಬಾದಿನವರ ಪಟ್ಟಿ ಬೇರೆ ಹೋಗಿದ್ದರಿಂದ ಆ ಭಾಗವನ್ನು ಸೆಡ್‌ನಿಂದ ಅಳಿಸಿದೆ, ಅದೂ ಮೂಲ ಕಡತದ ಮೇಲೆಯೇ. ಅಚ್ಚು ತೆಗೆದು ಗೋಡೆಗೆ ಅಂಟಿಸಿದೆ.

ಪ್ರದರ್ಶನದ ಬೆಳಿಗ್ಗೆ ಒಬ್ಬ ರೈತರು ಮಗಳೊಂದಿಗೆ ಬಂದು ನಿಂತರು. ಹುಡುಗಿಯ ಕೈಯಲ್ಲಿ ಹನಿ ನೀರಾವರಿಯ ಮಾದರಿ. ‘ಸರ್, ನಮ್ಮ ಹುಡುಗಿ ಹೆಸರೇ ಇಲ್ಲಲ್ರೀ?’ ಎಂದರು. ಹುಡುಗಿ ತಲೆ ತಗ್ಗಿಸಿ, ತಾನೇ ಏನೋ ತಪ್ಪು ಮಾಡಿದವಳಂತೆ ನಿಂತಿದ್ದಳು.

ತಪ್ಪು ನನ್ನದು. ಕಡತದಲ್ಲಿ ಕೊನೆಯ ಗುರುತನ್ನು ‘ಹುಮ್ನಾಬಾದ್ ಮುಕ್ತಾಯ’ ಎಂದು ಬರೆದಿದ್ದೆ. ಆಜ್ಞೆಯಲ್ಲಿ ‘ಹುಮನಾಬಾದ್’ ಎಂದೆ. ನಮಗೆ ಎರಡೂ ಒಂದೇ ಊರು, ಯಂತ್ರಕ್ಕೆ ಬೇರೆ ಬೇರೆ. ಮುಕ್ತಾಯ ಸಿಗದೆ ಸೆಡ್ ಕಡತದ ತುದಿಯವರೆಗೂ ಅಳಿಸುತ್ತ ಹೋಯಿತು. ತಡವಾಗಿ ಬಂದ ಐವರೂ ಹೋದರು. ಪುಣ್ಯಕ್ಕೆ ಕೈಬರಹದ ಅರ್ಜಿಗಳಿದ್ದವು. ಐದೂ ಹೆಸರುಗಳನ್ನು ಪೆನ್ನಿನಿಂದ ಬರೆದೆ.

ಸೆಡ್ ಏಕೆ ಎಚ್ಚರಿಸಲಿಲ್ಲ? ಅದು ಕಡತವನ್ನು ಒಂದೊಂದೇ ಸಾಲಾಗಿ ಓದುತ್ತ ಸಾಗುತ್ತದೆ. ಮುಂದೆ ಏನಿದೆಯೆಂದು ಅದಕ್ಕೆ ಗೊತ್ತಿರುವುದಿಲ್ಲ. ಎಡ್ ಹಾಗಲ್ಲ. ಇಡೀ ಕಡತ ಅದರ ಕೈಯಲ್ಲಿರುತ್ತದೆ. ಪದ ಸಿಗದಿದ್ದರೆ ‘?’ ಎಂಬ ಒಂದೇ ಚಿಹ್ನೆ ಮೂಡಿಸಿ ನಿಂತುಬಿಡುತ್ತದೆ, ಏನನ್ನೂ ಅಳಿಸುವುದಿಲ್ಲ. ದೊಡ್ಡ ಕಡತಕ್ಕೆ ಸೆಡ್‌ನ ಓಟ ಅನುಕೂಲ, ಆದರೆ ಎಚ್ಚರ ನಮ್ಮದೇ ಆಗಿರಬೇಕು.

ಮಕ್ಕಳೇ, ನಿಮ್ಮ ಮನೆಗಳಲ್ಲೂ ಈಗ ಕಂಪ್ಯೂಟರ್ ಇರಬಹುದು. ಅಳಿಸುವ ಮುನ್ನ ಅದೇ ಆಜ್ಞೆಗೆ ‘ಡಿ’ ಬದಲು ‘ಪಿ’ ಹಚ್ಚಿ ನೋಡಿರಿ (ಸೆಡ್‌ನಲ್ಲಾದರೆ ‘-n’ ಆಯ್ಕೆಯೊಂದಿಗೆ, ಮೂಲ ಕಡತವನ್ನು ಬದಲಿಸದೆ). ಬೇಡದ ಸಾಲು ಕಂಡರೆ ಗುರುತು ತಪ್ಪಿದೆ ಎಂದರ್ಥ. ಮೂಲದ ಪ್ರತಿಯೊಂದನ್ನು ಬೇರೆ ಇಡಿರಿ. ಪಾಲಕರೇ, ಕಾಗುಣಿತ ತಿದ್ದಿದಾಗ ‘ಅರ್ಥ ಆದ್ರೆ ಸಾಕಲ್ರೀ’ ಎನ್ನಬೇಡಿರಿ. ಅಂದು ಒಂದು ಒತ್ತಕ್ಷರದಿಂದ ಐದು ಮಕ್ಕಳು ಹೊರಗುಳಿಯುತ್ತಿದ್ದರು.