ಪಕ್ಕವಾದ್ಯದವರ ಹೆಸರು

ರೇಡಿಯೊದಲ್ಲಿ ಕಛೇರಿ ಮುಗಿದ ಕೂಡಲೇ ನಮ್ಮ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಪಿಟೀಲು ಯಾರು, ಮೃದಂಗ ಯಾರು ಅಂತ ಉದ್ಘೋಷಕರು ಹೇಳಿ ಮುಗಿಸುವವರೆಗೂ ಅಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ಭದ್ರಾವತಿಯಲ್ಲಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಓಲ್ಡ್ ಟೌನ್‌ನ ನಮ್ಮ ಮನೆಗೆ ಸಂಗೀತ ಬಂದದ್ದು ಅಲ್ಲಿಂದಲೇ. ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದು ಅಪ್ಪ ರೇಡಿಯೊ ಪಕ್ಕ ಕೂತರೆ ಊಟಕ್ಕೆ ಎರಡು ಸಲ ಕರೆಯಬೇಕಿತ್ತು.

ನನ್ನ ದಾರಿ ಬೇರೆ. ಹಾಸ್ಟೆಲ್‌ನಲ್ಲಿ ಹಿಡಿದ ಬೀಟಲ್ಸ್ ಹುಚ್ಚು ಕೆಲಸ ಸಿಕ್ಕಮೇಲೂ ಬಿಡಲಿಲ್ಲ. ಅದರಲ್ಲೂ 1967ರ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’. ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿ, ಆ ನಾಲ್ವರು ಲಂಡನ್ನಿನ ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ಕೂತು ಮಾಡಿದ ಆಲ್ಬಂ. 13 ಹಾಡು, ಸುಮಾರು 40 ನಿಮಿಷ. ಇದ್ದದ್ದು ನಾಲ್ಕು ಟ್ರ್ಯಾಕ್‌ನ ಟೇಪ್ ಯಂತ್ರ. ಅದರಲ್ಲೇ ಏನೆಲ್ಲ ಮಾಡಿದ್ದಾರೆ! ಒಂದು ಹಾಡಿಗೆ ಸರ್ಕಸ್ಸಿನ ಗದ್ದಲ ಬೇಕೆಂದು ಹಳೇ ಟೇಪುಗಳನ್ನು ಕತ್ತರಿಸಿ, ಚೂರುಗಳನ್ನು ಕಲಸಿ, ಮತ್ತೆ ಅಂಟಿಸಿದರಂತೆ.

ಆದರೆ ಒಂದು ಹಾಡನ್ನು ಮಾತ್ರ ನಾನು ಯಾವಾಗಲೂ ಸ್ಕಿಪ್ ಮಾಡುತ್ತಿದ್ದೆ. ಜಾರ್ಜ್ ಹ್ಯಾರಿಸನ್ ಬರೆದ ‘ವಿದಿನ್ ಯೂ ವಿದೌಟ್ ಯೂ’. ಐದು ನಿಮಿಷದ ಹಾಡು. ಡ್ರಮ್ಸ್ ಇಲ್ಲ, ಉಳಿದ ಮೂವರು ಬೀಟಲ್ಸ್ ಕೂಡ ಇಲ್ಲ. ತಂಬೂರಿ, ಸಿತಾರ್, ತಬಲಾ. ಇದನ್ನು ಕೇಳೋಕೆ ಬೀಟಲ್ಸ್ ಯಾಕೆ ಬೇಕು, ನಮ್ಮ ಮನೆ ರೇಡಿಯೊ ಸಾಲದಾ ಅನ್ನಿಸುತ್ತಿತ್ತು.

ಕಳೆದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ಪೀಕರಿನಲ್ಲಿ ಆಲ್ಬಂ ಹಾಕಿ ಅಟ್ಟ ಹತ್ತಿದ್ದೆ. ಆ ಹಾಡು ಬಂದಾಗ ಕೈತುಂಬಾ ಧೂಳು, ಫೋನು ಕೆಳಗೆ. ಸ್ಕಿಪ್ ಮಾಡೋಕಾಗಲಿಲ್ಲ. ಇಣುಕಿ ನೋಡಿದರೆ ಅಪ್ಪ ಸ್ಪೀಕರಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಈಗ ಅವರಿಗೆ ಕಿವಿ ಸ್ವಲ್ಪ ಮಂದ. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

“ಹರಿಕಾಂಭೋಜಿ ತರ ಇದೆ ಕಣೋ” ಅಂದರು. ನಡುವೆ ಬೆರಳು ನಿಂತಿತು. “ಇಲ್ಲಿ ಐದರ ಲೆಕ್ಕಕ್ಕೆ ಬಂದ” ಅಂತ ಮತ್ತೆ ಶುರು ಮಾಡಿದರು. “ಪಿಟೀಲಿನವರು ಇಂಗ್ಲಿಷರಾ? ಜಾರು ಚೆನ್ನಾಗಿ ಹಾಕ್ತಾರಲ್ಲ.”

ಹಾಡು ಮುಗಿಯಿತು. ಅಪ್ಪನ ಕೈ ಅಭ್ಯಾಸಬಲದಿಂದ ಮೇಲೆದ್ದಿತು, ಹೆಸರು ಹೇಳ್ತಾರೆ ಅಂತ. ಬಂದದ್ದು ಜನರ ನಗು. ಹಾಡಿನ ಕೊನೆಗೆ ಹ್ಯಾರಿಸನ್ನೇ ಸೇರಿಸಿದ ನಗು ಅದು. “ಯಾಕೋ ನಗ್ತಾರೆ? ಪಕ್ಕವಾದ್ಯದವರು ಯಾರು?” ಅಂದರು.

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಈ ಆಲ್ಬಂ ನನ್ನದು ಅಂತ ಹೇಳಿಕೊಂಡು ತಿರುಗಿದವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಹುಡುಕಿದೆ. ಅಪ್ಪ ಹೇಳಿದ್ದೆಲ್ಲ ಸರಿ. ಹಿಂದೂಸ್ತಾನಿಯಲ್ಲಿ ಅದು ಖಮಾಜ್ ಥಾಟ್, ನಮ್ಮ ಹರಿಕಾಂಭೋಜಿಯ ಸ್ವರಗಳೇ. ನಡುವೆ ಬರುವುದು ಹತ್ತು ಮಾತ್ರೆಯ ಝಪ್‌ತಾಲ್. ಹ್ಯಾರಿಸನ್‌ಗೆ ಆಗ 24 ವರ್ಷ. ಹಿಂದಿನ ವರ್ಷವಷ್ಟೇ ಭಾರತಕ್ಕೆ ಬಂದು ರವಿಶಂಕರ್ ಹತ್ತಿರ ಸಿತಾರ್ ಕಲಿತಿದ್ದ. ದಿಲ್‌ರುಬಾದ ಜಾರನ್ನು ಹಿಡಿಯುವಂತೆ ಎಂಟು ವಯೊಲಿನ್, ಮೂರು ಚೆಲ್ಲೊಗಳಿಗೆ ಬರೆದುಕೊಟ್ಟವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಭಾರತೀಯ ವಾದ್ಯ ನುಡಿಸಿದವರು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್‌ನವರು. ಆಲ್ಬಂನ ಆ ಪ್ರಸಿದ್ಧ ಮುಖಪುಟದಲ್ಲಿ ಪರಮಹಂಸ ಯೋಗಾನಂದರೂ ಸೇರಿ ನಾಲ್ವರು ಭಾರತೀಯ ಯೋಗಿಗಳ ಮುಖ ಇದೆ. ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯವೂ ಇದೆ. ನುಡಿಸಿದ ಭಾರತೀಯರ ಹೆಸರಿಗೆ ಮಾತ್ರ ಜಾಗ ಇರಲಿಲ್ಲ.

ಈಗ ಆ ಹಾಡನ್ನು ಸ್ಕಿಪ್ ಮಾಡುವುದಿಲ್ಲ. ನೀವೂ ಒಂದು ಸಲ ಶಫಲ್ ಆಫ್ ಮಾಡಿ, ಹೆಡ್‌ಫೋನ್ ಹಾಕಿ, ಮೊದಲಿಂದ ಕೊನೆವರೆಗೆ ಕೇಳಿ ನೋಡಿ. ಕೊನೆಯ ಪಿಯಾನೊ ನಾದ 40 ಸೆಕೆಂಡಿಗೂ ಹೆಚ್ಚು ನಿಲ್ಲುತ್ತೆ. ಅದು ಕರಗುವ ಹೊತ್ತಿಗೆ ಸ್ಟುಡಿಯೊದ ಕುರ್ಚಿ ಕಿರ್ ಅನ್ನುವುದೂ ಕೇಳಿಸುತ್ತೆ.

ಮುಂದಿನ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಊಟ ಆಯ್ತಾ, ಮಳೆ ಇದೆಯಾ ಅನ್ನುವುದರಲ್ಲೇ ಸಾಮಾನ್ಯವಾಗಿ ನಮ್ಮ ಮಾತು ಮುಗಿಯುತ್ತೆ. ಅವತ್ತು ಗಂಟಲು ಸರಿ ಮಾಡಿಕೊಂಡು, ಜೋರಾಗಿ, ಆಕಾಶವಾಣಿಯವರ ಹಾಗೇ ಓದಿದೆ: “ದಿಲ್‌ರುಬಾದಲ್ಲಿ ಅಣ್ಣಾ ಜೋಶಿ ಮತ್ತು ಅಮೃತ್ ಗಜ್ಜರ್. ತಬಲಾದಲ್ಲಿ ನಟವರ್ ಸೋನಿ. ತಂಬೂರಿಯಲ್ಲಿ ಬುದ್ಧದೇವ್ ಕನ್ಸಾರಾ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ತಬಲಾದವರ ಹೆಸರು ಇನ್ನೊಂದ್ಸಲ ಹೇಳೋ” ಅಂದರು ಅಪ್ಪ, “ಬರ್ಕೋತೀನಿ.”