ಹಸೆಮಣೆಗೆ ಹಚ್ಚಿದ ಚೊಗರು

ನಮ್ಮನೇಲಿ ಒಂದು ಬೀಟೆ ಹಸೆಮಣೆ ಇತ್ತು, ಅಜ್ಜನ ಕಾಲದ್ದು. ಅಪ್ಪ, ಚಿಕ್ಕಪ್ಪ, ಅತ್ತೇರು ಎಲ್ರೂ ಅದರ ಮೇಲೇ ಹಸೆಗೆ ಕೂತೋರು. ಪಾಲಾದಾಗ ಮಣೆ ಚಿಕ್ಕಪ್ಪನ ಮನೆಗೆ ಹೋಯ್ತು, ಆಮೇಲೆ ಮಾತೂ ಹೋಯ್ತು. ತಂಗಿ ಮದುವೆ ಗೊತ್ತಾದಾಗ "ಮಣೆ ಕೇಳ್ಕೊಂಡ್ ಬಾ" ಅಂತ ಅಪ್ಪನಿಗೆ ಹೇಳೋ ಧೈರ್ಯ ಯಾರಿಗೂ ಬರ್ಲಿಲ್ಲ.

ಬೀಟೆ ಮರ ನಮ್ಮ ತೋಟದಲ್ಲೂ ಇದೆ. ಕಡಿಯಕ್ಕೆ ಅರಣ್ಯ ಇಲಾಖೆ ಅಪ್ಪಣೆ ಬೇಕು, ಒಂದು ಮಣೆಗೋಸ್ಕರ ಯಾರು ಅಲೀತಾರೆ? ಮಳೇಲಿ ಕಾಫಿ ಗಿಡದ ಮೇಲೆ ಬಿದ್ದಿದ್ದ ಸಿಲ್ವರ್ ಮರದ ಹಲಗೆ ಅಟ್ಟದ ಮೇಲೆ ಒಣಗಿತ್ತು. 6 ಇಂಚಿನ 3 ಹಲಗೆ ಜೋಡಿಸಿ, 4 ಅಡಿ ಉದ್ದದ ಮಣೆ ಮಾಡೋದು ಅಂತಾಯ್ತು. ಮರ ಮಾತ್ರ ಪೇಲವ. "ಬಣ್ಣ ಹಾಕಿ ಬೀಟೆ ಹಂಗೆ ಮಾಡಾಣ" ಅಂದೆ ನಾನು. ನೆಂಟರ ಬಾಯಿಗೆ ಹೆದರಿದ್ದೆ.

ಪೇಂಟ್ ಅಪ್ಪನಿಗೆ ಆಗಲ್ಲ. ಕೊಪ್ಪದ ನೆಂಟರ ಮನೆಯಿಂದ ಅಡಿಕೆ ಚೊಗರು ತರಿಸಿದ್ವಿ. ಅಡಿಕೆ ಬೇಯಿಸಿದ ನೀರು ಬತ್ತಿ ಮಂದ ಆಗೋದೇ ಚೊಗರು. ಹೆಗ್ಗೋಡಿನ ಚರಕದೋರು ಬಟ್ಟೆಗೆ ಬಣ್ಣ ಕಟ್ಟಕ್ಕೂ ಅದನ್ನ ಬಳಸ್ತಾರೆ. ಬಟ್ಟೆಗೆ ಹಿಡಿಯೋದು ಮರಕ್ಕೆ ಹಿಡೀದಾ?

ಹಿಡೀತು, ಆದ್ರೆ ಮೊದಲ್ನೇ ಸಲ ಕೆಟ್ಟೋಯ್ತು. ನಾವು ಹಲಗೆ ಅಂಟಿಸಿ ಆಮೇಲೆ ಬಣ್ಣ ಹಚ್ಚಿದ್ವಿ. ಅಂಟು ಉಕ್ಕಿ ಒರೆಸಿದ ಕಡೆಯೆಲ್ಲ ಮರದ ಕಣ್ಣು ಮುಚ್ಚಿ ಬಿಳೀ ಮಚ್ಚೆ ಉಳೀತು. ಒಂದೇ ಮಗ್ಗುಲು ನೆನೆಸಿದ್ದಕ್ಕೆ ಹಲಗೆ ಮೊರದ ಹಂಗೆ ಬಾಗ್ತು. ಆಚಾರ್ರು ನೋಡಿ ನಕ್ಕು, "ಮೊದ್ಲು ಬಣ್ಣ, ಆಮೇಲೆ ಅಂಟು ಕಣವ್ವ. ಕೂಡೋ ಅಂಚಿಗೆ ಮಾತ್ರ ಏನೂ ಸೋಕಿಸಬೇಡ, ಬರೀ ಮರಕ್ಕೆ ಬರೀ ಮರ ಸೇರ್ಬೇಕು" ಅಂದ್ರು.

ಹೊಸ ಹಲಗೆ ತಗೊಂಡ್ವಿ. ಮೊದಲು ಬರೀ ನೀರಲ್ಲಿ ಒರೆಸಿ, ಎದ್ದ ನಾರನ್ನ ಉಪ್ಪುಕಾಗದದಲ್ಲಿ ಉಜ್ಜಿ, ಎರಡೂ ಮಗ್ಗುಲಿಗೆ ಚೊಗರು. ಒಣಗಿದ ಮೇಲೆ ಸುಣ್ಣದ ತಿಳಿ. ಎಲೆಯಡಿಕೆ ಹಾಕಿದ ಬಾಯಿ ಹಂಗೇ ಮರ ಕೆಂಪೇರ್ತು! ಸಿಲ್ವರ್ ಮರದ ಮೀನುಪೊರೆಯಂಥ ಚುಕ್ಕೆ ಅದರೊಳಗೆ ಮಿಂಚ್ತಿತ್ತು.

ಬೀಟೆಯ ಕಪ್ಪು ಬೇಕಲ್ಲ! ಮೊಳೆ ನೆನೆಸಿದ ಹುಳಿನೀರು ಚೊಗರಿನ ಮೇಲೆ ಬಿದ್ರೆ ಮಸಿ ಹಂಗೆ ಕಪ್ಪಾಗುತ್ತೆ. ಬಟ್ಲು ಹಿಡ್ಕೊಂಡು ಬಂದೆ. ಅವ್ವ ಕೈ ತಡೆದ್ಲು. "ಕೆಂಪೇ ಇರ್ಲಿ ಬಿಡೆ. ಹಸೆ ಮೇಲೆ ಕೂರ್ಸಿ ಸುಳ್ಳು ಯಾಕೆ?" ಬಟ್ಲು ಹಿತ್ಲಿಗೆ ಚೆಲ್ಲಿದೆ. ಅಂಟಿಸಿ, ಅಗಸೆ ಎಣ್ಣೆ ತೀಡಿದ್ವಿ, ಅಷ್ಟೆ.

ಮದುವೆ ದಿನ ಚಿಕ್ಕಪ್ಪ ಬಂದ್ರು. ಕರೆಯಕ್ಕೆ ಹೋಗಿದ್ದು ಅವ್ವ. ಚಪ್ಪರದಡಿ ಮಣೆ ನೋಡಿ, ಒಂದು ತುದಿ ಎತ್ತಿದ್ರು. ತೂಕದಲ್ಲೇ ಗೊತ್ತಾಗೋಯ್ತು ಅನ್ಸುತ್ತೆ.

"ಸಿಲ್ವರಾ?"

"ಹೂಂ. ಕೆರೆ ಪಕ್ಕದ್ದು, ಬಿದ್ದೋಯ್ತಲ್ಲ" ಅಂದ್ರು ಅಪ್ಪ.

"ಅಯ್ಯೋ, ಆ ಮರವಾ? ನಾವಿಬ್ರೂ ನೆಟ್ಟಿದ್ದಲ್ವೇನೋ ಅಣ್ಣ."

4 ವರ್ಷಕ್ಕೆ ಅವರಿಬ್ರೂ ಆಡಿದ ಮೊದಲ್ನೇ ಮಾತು ಅದು. ಕಪ್ಪು ಬಳಿದಿದ್ರೆ ಆ ಪ್ರಶ್ನೆ ಬರ್ತಿತ್ತಾ, ಗೊತ್ತಿಲ್ಲ. ಬಟ್ಲು ಚೆಲ್ಲಿದ್ದಕ್ಕೆ ಮಾತ್ರ ನನಗೆ ಇವತ್ತಿಗೂ ಸಮಾಧಾನ.