ಆಯಿಯ ಸಂಗಡ ಸಿಂಹಗಡ

ನಾವು ಮಾರ್ಕೆಟ್ ಯಾರ್ಡಿಗೆ ಬಂದು ಒಂಬತ್ತು ವರುಷಗಳಾದವು. ಉಳ್ಳಾಗಡ್ಡಿ ಲಾರಿಗಳ ಸದ್ದಿಗೆ ಎದ್ದು, ಅಡತಿ ಅಂಗಡಿಗಳ ಮುಂದಿನಿಂದ ಕಚೇರಿಗೆ ಹೊರಡುವವರು. ಸಿಂಹಗಡವನ್ನು 'ಮುಂದಿನ ರವಿವಾರ ನೋಡಿದರಾಯಿತು' ಎನ್ನುತ್ತಲೇ ಕಾಲ ಕಳೆದಿದ್ದೆವು. ಕೊನೆಗೂ ಹೊರಡಿಸಿದವರು ನಮ್ಮ ತಾಯಿ.

ತಂದೆಯವರು ತೀರಿಕೊಂಡ ಮೇಲೆ ಅವರನ್ನು ಬಾದಾಮಿಯ ಮಗ್ಗುಲಿನ ಹಳ್ಳಿಯಿಂದ ಕರೆತಂದು ಆರು ತಿಂಗಳಾಗಿತ್ತು. ಮಾತು ತೀರ ಕಡಿಮೆ. ಮೊಮ್ಮಗನ ಮರಾಠಿ ಅವರಿಗೆ ತಿಳಿಯದು, ಅವರ ಕನ್ನಡ ಅವನಿಗೆ ಅರ್ಧ ಮಾತ್ರ. (ಅವನು ಅಜ್ಜಿಯನ್ನು 'ಆಯಿ' ಎಂದರೆ ನೆರೆಯವರು ತಾಯಿಯೆಂದುಕೊಳ್ಳುತ್ತಾರೆ, ಅದೊಂದು ಬೇರೆ ಫಜೀತಿ.) ಒಂದು ಸಂಜೆ ಗಚ್ಚಿಯ ಮೇಲೆ ನಿಂತು, ದೂರದ ಗುಡ್ಡ ತೋರಿಸಿ, "ಅಲ್ಲೇನೈತಿ?" ಎಂದು ಕೇಳಿದರು.

ಸ್ವಾರ್ಗೇಟಿನಿಂದ ಬಸ್ಸು, ಬುಡದಿಂದ ಜೀಪು. ಅವರ ಮೊಣಕಾಲಿಗೆ ಅಷ್ಟೇ ಸಾಧ್ಯ. ಪುಣೆ ದರವಾಜೆಗಳನ್ನು ದಾಟಿ, ಟಿಳಕರ ಬಂಗಲೆ ನೋಡಿಕೊಂಡು, 1700ರಲ್ಲಿ ಇಲ್ಲಿಯೇ ತೀರಿಕೊಂಡ ರಾಜಾರಾಮ ಮಹಾರಾಜರ ಸಮಾಧಿಗೆ ಕೈಮುಗಿದು, ಕಡಿದಾದ ಅಂಚಿನುದ್ದಕ್ಕೂ ನಿಧಾನವಾಗಿ ನಡೆದೆವು. 1328ರ ಸುಮಾರಿಗೆ ಕೋಳಿ ನಾಯಕ ನಾಗನಾಯಕನು ತುಘಲಕನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದ ಕೋಟೆಯಿದು. ಆಗಿನ ಹೆಸರು ಕೊಂಢಾಣಾ. ತಾನಾಜಿ ಮಡಿದ ಮೇಲೆಯೇ ಸಿಂಹಗಡವೆಂದು ಹೆಸರಾಯಿತೆಂಬುದು ಜನರ ನಂಬಿಕೆ. ಅದಕ್ಕೂ ಮೊದಲಿನ ಕಾಗದಗಳಲ್ಲಿಯೇ ಆ ಹೆಸರಿದೆಯೆಂದು ಇತಿಹಾಸಕಾರರು ಹೇಳುತ್ತಾರೆ. ಈ ಮಾತನ್ನು ಅಲ್ಲಿ ಗಟ್ಟಿಯಾಗಿ ಆಡುವ ಧೈರ್ಯ ನಮಗಾಗಲಿಲ್ಲ.

1670ರಲ್ಲಿ ತಾನಾಜಿ ರಾತ್ರಿ ಹತ್ತಿದನೆನ್ನುವ ಕಡಿಬಂಡೆಯ ಬಳಿ ಮಗ ಕತೆ ಹೇಳತೊಡಗಿದ. "ಆಯಿ, ಘೋರಪಡಕ್ಕ ಹಗ್ಗ ಕಟ್ಟಿ..." ಅಜ್ಜಿಗೆ ತಿಳಿಯಲಿಲ್ಲ. ಅವನು ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿ ತೋರಿಸಿದ.

"ಹಂಗನ್ನು, ಉಡ!" ಎಂದು ಅವರು ನಕ್ಕರು. ಆರು ತಿಂಗಳ ಮೇಲೆ ನಕ್ಕದ್ದು.

ಆಮೇಲೆ ಬಂಡೆಗೆ ಅಂಗೈ ಒತ್ತಿ ನೋಡಿದರು. "ಇದು ಕರಿಕಲ್ಲು. ನಮ್ಮ ಕಲ್ಲು ಕೆಂಪು, ಉಜ್ಜಿದರ ಮಳಲು ಉದರತೈತಿ." ನಿಜವೇ. ಇದು ಆರು ಕೋಟಿಗೂ ಹೆಚ್ಚು ವರುಷಗಳ ಹಿಂದೆ ಉಕ್ಕಿ ಹರಿದ ಲಾವಾ. ಬಾದಾಮಿಯ ಮರಳುಗಲ್ಲು ಅದಕ್ಕಿಂತ ಬಹಳ ಹಳೆಯದು. ನಾವು ಇದನ್ನು ವಿವರಿಸಹೊರಟಾಗ ಅವರ ಲಕ್ಷ್ಯ ಅಲ್ಲಿರಲಿಲ್ಲ.

"ಮದಿವ್ಯಾದ ವರ್ಷ ನಿಮ್ಮಪ್ಪಾರು ನನ್ನ ಬಾದಾಮಿ ಕ್ವಾಟಿ ಹತ್ತಿಸಿದ್ರು. ಕೆಳಗ ಹೊಂಡ ನೋಡಿ ಅಂಜಿ ಕುಂತಬಿಟ್ಟಿದ್ದೆ."

ತಂದೆಯವರ ಮಾತನ್ನು ಅವರು ಎತ್ತಿದ್ದು ಅದೇ ಮೊದಲು. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ. ಜುಣಕ, ಭಾಕರಿ ಮಾರುವ ಹೆಣ್ಣುಮಗಳ ಚಾಪೆಯ ಮೇಲೆ ಕುಳಿತು ಅವರು ಎರಡು ರೊಟ್ಟಿ ಉಂಡರು. ಮನೆಯಲ್ಲಿ ಅರ್ಧಕ್ಕೇ ಕೈ ತೊಳೆಯುವವರು.

ಇಳಿಯುವಾಗ ಮಗ, "ಬಾದಾಮ್ಯಾಗ ಉಡ ಅದಾವೇನು, ಆಯಿ?" ಎಂದ.

"ಬಂದು ನೋಡು."

ದೀಪಾವಳಿಗೆ ಹೋಗುವುದೆಂದಾಗಿದೆ. ರಜೆಯ ಅರ್ಜಿ ಕೊಟ್ಟಿದ್ದೇವೆ; ಸಾಹೇಬರ ಸಹಿ ಇನ್ನೂ ಬಿದ್ದಿಲ್ಲ.